ಗಿಣ್ಣೂ ಅಲ್ಲ, ಪನ್ನೀರೂ ಅಲ್ಲ

ಇಂಗ್ಲಿಷಿನವರು ಚೀಸ್ ಎಂದು ಕರೆಯುವ ಪದಾರ್ಥಕ್ಕೆ ಕನ್ನಡದಲ್ಲಿ ಏನೆನ್ನಬೇಕು? ನಿಘಂಟನ್ನು ತೆರೆದರೆ ‘ಗಿಣ್ಣು’ ಎಂದಿರುತ್ತದೆ. ನಿಘಂಟುಕಾರರು ವಿದ್ವಾಂಸರು, ಅವರ ಮಾತನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಆದರೆ ನನ್ನ ನಾಲಿಗೆಗೆ ಆ ಧೈರ್ಯ ಉಂಟು. ಈದ ಹಸುವಿನ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಬೆರೆಸಿ, ಹಬೆಯಲ್ಲಿ ಬೇಯಿಸಿ, ತಟ್ಟೆಯಲ್ಲಿ ಕತ್ತರಿಸಿಟ್ಟರೆ ನಡುಗುತ್ತ ಕೂತಿರುವ ಆ ಹಳದಿಯ ತುಂಡೆಲ್ಲಿ, ಮೂಸಿದರೆ ಮುಖ ಹಿಂದಕ್ಕೆ ಹೋಗುವ ಸೀಮೆಯ ಚೀಸೆಲ್ಲಿ! ತೆಲುಗರ ‘ಜುನ್ನು’ವಿಗೂ ಇದೇ ಪಾಡು; ಅವರ ನಿಘಂಟೂ ಎರಡಕ್ಕೂ ಒಂದೇ ಹೆಸರು ಕೊಟ್ಟು ಕೈತೊಳೆದುಕೊಂಡಿದೆ. ಮರಾಠಿಯವರು ಮಾತ್ರ ಖರ್ವಸನ್ನು ಖರ್ವಸ್ ಆಗಿಯೇ ಉಳಿಸಿಕೊಂಡರು. ನಮ್ಮಲ್ಲಿ ಕಬ್ಬಿನ ಗಿಣ್ಣು, ಬೆರಳಿನ ಗಿಣ್ಣು ಬೇರೆ ಇವೆ. ಒಂದೇ ಮಾತಿನ ಮೇಲೆ ಇಷ್ಟು ಹೊರೆ ಹೇರಿದ ಮೇಲೆ ಚೀಸನ್ನೂ ಹೇರುವುದು ಅನ್ಯಾಯ.

‘ಪನೀರ್’ ಎನ್ನೋಣವೆಂದರೆ ಅದು ಇನ್ನೊಂದು ಪೇಚು. ಪನೀರ್ ಪಾರಸಿಯ ಮಾತು. ನಮ್ಮ ಕಿವಿಗೆ ಅದು ‘ಪನ್ನೀರು’ ಎಂದೇ ಬೀಳುವುದು. ಮದುವೆಯ ಮನೆಯ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಂತ ಹುಡುಗಿಯರನ್ನು ನೋಡಿದ್ದ ನನ್ನ ತಾಯಿ, ಹೋಟೆಲಿನಲ್ಲಿ ಮೊದಲ ಸಲ ಬಟಾಣಿಯೊಡನೆ ಪನೀರ್ ಬೆರೆತ ಪಲ್ಯ ಬಂದಾಗ ಬಹಳ ಹೊತ್ತು ಮೂಗನ್ನು ಹತ್ತಿರ ಹಿಡಿದು ಕೂತಿದ್ದರು. ಗುಲಾಬಿಯ ವಾಸನೆ ಬರಲಿಲ್ಲ. “ಹಾಲು ಒಡೆದುಹೋಗಿದೆ, ಪಾಪ, ಇವರಿಗೆ ಗೊತ್ತಾಗಿಲ್ಲ” ಎಂದು ನನ್ನ ಕಿವಿಯಲ್ಲಿ ಹೇಳಿದರು. ನಮ್ಮ ಮನೆಗಳಲ್ಲಿ ಹಾಲು ಒಡೆಯುವುದೆಂದರೆ ಅದೊಂದು ಸಣ್ಣ ಅಪಶಕುನ; ಯಾರ ಕೈ ತಾಗಿತು, ಯಾವ ಪಾತ್ರೆ ತೊಳೆದಿರಲಿಲ್ಲ ಎಂದು ವಿಚಾರಣೆ ನಡೆಯುವ ಸಂಗತಿ. ಅದನ್ನು ಬೇಕೆಂದೇ ಒಡೆದು, ಹಿಂಡಿ, ಹಣಕ್ಕೆ ಮಾರುವ ಜನರಿದ್ದಾರೆಂಬುದನ್ನು ಅವರು ಕೊನೆಯವರೆಗೂ ಪೂರ್ತಿ ನಂಬಿದಂತೆ ಕಾಣಲಿಲ್ಲ.

ನಾವಿರುವುದು ಮೈಸೂರಿನ ಉದಯಗಿರಿಯಲ್ಲಿ. ಹೆಸರು ಸಾರ್ಥಕವೇ, ಊರಿಗೆ ಮೂಡಣ ದಿಕ್ಕು, ಮೈಸೂರಿನ ಬಿಸಿಲು ಮೊದಲು ಬೀಳುವುದು ನಮ್ಮ ತಾರಸಿಗಳ ಮೇಲೆ. ನಸುಕಿನಲ್ಲಿ ಒಂದು ಕಡೆಯಿಂದ ಆಜಾನ್, ಇನ್ನೊಂದು ಕಡೆಯಿಂದ ಸುಪ್ರಭಾತ, ನಡುವೆ ನಮ್ಮ ಗೋಡೆಯಾಚೆಯಿಂದ ಎಮ್ಮೆಯ ಕೂಗು: ಬಹುಕಾಲ ಈ ಮೂರೂ ಸೇರಿಯೇ ನಮಗೆ ಬೆಳಗಾಗುತ್ತಿತ್ತು. ಗೋಡೆಯಾಚೆಯ ಸಾಹೇಬರು ನಾಲ್ಕು ಎಮ್ಮೆ ಸಾಕಿದ್ದರು. ಅವರ ಮನೆಯಲ್ಲಿ ಎಮ್ಮೆ ಈಯಿತೆಂದರೆ ಒಂದೆರಡು ದಿನದಲ್ಲಿ ನಮ್ಮ ಮನೆಗೆ ಒಂದು ತಂಬಿಗೆ ಗಿಣ್ಣುಹಾಲು ಬರುವುದು. ಅದಕ್ಕೆ ದುಡ್ಡಿಲ್ಲ. ದಿನನಿತ್ಯದ ಹಾಲಿನ ಲೆಕ್ಕವನ್ನು ಕಾಲು ಲೀಟರಿಗೂ ಬಿಡದೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿಡುತ್ತಿದ್ದ ಮನುಷ್ಯ ಗಿಣ್ಣುಹಾಲಿಗೆ ಬೆಲೆ ಕೇಳಿದರೆ ನೊಂದುಕೊಳ್ಳುತ್ತಿದ್ದರು. ತಂಬಿಗೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನನ್ನ ತಾಯಿಯ ಕಟ್ಟಳೆ. ಒಂದು ಹಿಡಿ ಸಕ್ಕರೆಯೋ, ಅಚ್ಚುಬೆಲ್ಲವೋ ಹಾಕಿ ಕೊಡಬೇಕು. ಸಾಹೇಬರ ತಾಯಿಗೂ ಅದೇ ಕಟ್ಟಳೆ ಇದ್ದುದರಿಂದ ಆ ತಂಬಿಗೆ ಗೋಡೆಯ ಮೇಲಿನಿಂದ ಆಚೆಗೂ ಈಚೆಗೂ ವರ್ಷವೆಲ್ಲ ಓಡಾಡುತ್ತಿತ್ತು. ಯಾರು ಮೊದಲು ಕೊಟ್ಟರು, ಯಾರದು ಬಾಕಿ ಎಂಬುದು ಇದ್ದಿಲಿನ ಲೆಕ್ಕಕ್ಕೆ ಸಿಕ್ಕುವಂಥದಾಗಿರಲಿಲ್ಲ.

ಹಾಲು ಗಟ್ಟಿಯಾಗುವುದಕ್ಕೆ ಮೂರು ದಾರಿಗಳಿವೆ. ಇದನ್ನು ತಿಳಿದರೆ ಹೆಸರಿನ ಗೊಂದಲ ಅರ್ಧ ತೀರಿತು. ಮೊದಲನೆಯದು ಗಿಣ್ಣಿನ ದಾರಿ. ಈದ ಕೂಡಲೆ ಬರುವ ಹಾಲಿನಲ್ಲಿ, ಕರುವನ್ನು ರೋಗದಿಂದ ಕಾಪಾಡುವ ಪ್ರೋಟೀನು ತುಂಬಿ ತುಳುಕುತ್ತಿರುತ್ತದೆ. ಅದು ಬಿಸಿ ತಾಗಿದರೆ ಸಾಕು, ಮೊಟ್ಟೆಯ ಬಿಳಿಯಂತೆ ತಾನೇ ಹೆಪ್ಪುಗಟ್ಟುತ್ತದೆ. ಎರಡನೆಯದು ಪನೀರಿನ ದಾರಿ: ಕಾದ ಹಾಲಿಗೆ ನಿಂಬೆಯ ಹುಳಿ ಹಿಂಡಿ ಒಡೆಯುವುದು, ಬಟ್ಟೆಯಲ್ಲಿ ಕಟ್ಟಿ ನೀರು ಬಸಿಯುವುದು. ಮೂರನೆಯದೇ ನಿಜವಾದ ಚೀಸಿನ ದಾರಿ. ಅದಕ್ಕೆ ಬೇಕಾದದ್ದು ರೆನೆಟ್. ಹಾಲು ಬಿಟ್ಟು ಬೇರೇನನ್ನೂ ತಿನ್ನದ ಎಳೆಗರುವಿನ ನಾಲ್ಕನೆಯ ಹೊಟ್ಟೆಯಲ್ಲಿ ಊರುವ ರಸ ಅದು. ಹಾಲಿನ ಕೇಸೀನ್ ಎಂಬ ಪ್ರೋಟೀನು ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಪ್ರತಿ ಉಂಡೆಯ ಮೈಮೇಲೂ ರೋಮದಂಥ ಒಂದು ಅಂಚು. ಅದರಿಂದಾಗಿ ಒಂದಕ್ಕೊಂದು ಅಂಟದೆ ದೂರ ನಿಂತಿರುತ್ತವೆ. ರೆನೆಟ್ ಕ್ಷೌರಿಕನ ಕೆಲಸ ಮಾಡುತ್ತದೆ, ರೋಮವನ್ನು ಬೋಳಿಸಿಬಿಡುತ್ತದೆ. ಬೋಳಾದ ಉಂಡೆಗಳು ಒಂದನ್ನೊಂದು ತಬ್ಬಿಕೊಂಡು ಹಾಲು ಲೋಳೆಯಂತೆ ಕೂಡುತ್ತದೆ. ಕರುವಿನ ಹೊಟ್ಟೆಯಲ್ಲಿ ಹಾಲು ಸರ್ರನೆ ಜಾರಿಹೋಗದೆ ನಿಂತು ಜೀರ್ಣವಾಗಲಿ ಎಂದು ಸೃಷ್ಟಿ ಮಾಡಿದ ಏರ್ಪಾಡು ಇದು. ಮನುಷ್ಯ ಅದನ್ನು ಕದ್ದ.

ಈ ಸಂಗತಿ ನಮ್ಮ ಮನೆಯಲ್ಲಿ ಒಂದು ದಿನ ದೊಡ್ಡ ಚರ್ಚೆಗೆ ಕಾರಣವಾಯಿತು. ಪರದೇಶದಿಂದ ಬಂದ ನನ್ನ ಭಾವಮೈದ ಎರಡು ಬಗೆಯ ಚೀಸ್ ತಂದಿದ್ದ. ಒಂದು ಕಲ್ಲಿನಂತೆ ಗಟ್ಟಿ. ಇನ್ನೊಂದರ ಮೈಯಲ್ಲಿ ನೀಲಿ ನರಗಳು. ನೀಲಿಯದನ್ನು ಬಿಚ್ಚಿದ ಕೂಡಲೆ ಮನೆಯಾಕೆ ಎದ್ದುಹೋಗಿ ಬಚ್ಚಲ ಬಾಗಿಲು ಹಾಕಿದೆಯೇ ಎಂದು ನೋಡಿಬಂದಳು. ನನ್ನ ಮಗಳು ಕಾಗದದ ಮೇಲಿನ ಬರಹವನ್ನು ಓದುತ್ತ “ರೆನೆಟ್ ಎಂದರೇನಪ್ಪ?” ಎಂದಳು. ಮೇಷ್ಟರ ಜಾತಿ, ಪ್ರಶ್ನೆ ಕೇಳಿದರೆ ಉತ್ತರ ಹೇಳದಿರಲಾದೀತೆ? ಹೇಳಿದೆ. ನನ್ನ ತಾಯಿ ಎಲೆಯ ಮುಂದಿನಿಂದ ಕೈ ಹಿಂದಕ್ಕೆ ತೆಗೆದುಕೊಂಡರು.

ಭಾವಮೈದನಿಗೆ ಬೇಸರವಾಗದಿರಲೆಂದು ಗೋಡೆಯಾಚೆಗೆ ಕಳಿಸೋಣವೆಂದೆವು. ಸಾಹೇಬರ ತಾಯಿ ಅದನ್ನು ಕೈಯಲ್ಲಿ ಹಿಡಿದು, ಇದೇನು, ಹೇಗೆ ಮಾಡುತ್ತಾರೆ ಎಂದು ವಿಚಾರಿಸಿದರು. ಮುಚ್ಚಿಟ್ಟು ತಿನ್ನಿಸುವುದು ಸರಿಯಲ್ಲವೆಂದು ಅವರಿಗೂ ವಿಷಯ ತಿಳಿಸಲಾಯಿತು. ಆಕೆ ಸ್ವಲ್ಪ ಯೋಚಿಸಿ, “ಆ ಕರುವನ್ನು ಯಾರು ಕೊಯ್ದರೋ, ಹೇಗೆ ಕೊಯ್ದರೋ, ನಮಗೇನು ಗೊತ್ತಮ್ಮ? ನಮಗೂ ಬೇಡ” ಎಂದು ಹಿಂದಿರುಗಿಸಿದರು. ಕರುವನ್ನು ಕೊಂದರೆಂದು ಈಚೆಯ ಮುದುಕಿ ಒಲ್ಲೆನೆಂದರು. ಸರಿಯಾದ ಕ್ರಮದಲ್ಲಿ ಕೊಂದಿಲ್ಲವೇನೋ ಎಂದು ಆಚೆಯ ಮುದುಕಿ ಒಲ್ಲೆನೆಂದರು. ಕಾರಣ ಬೇರೆ, ತೀರ್ಪು ಒಂದೇ. ಇಬ್ಬರೂ ಗೋಡೆಯ ಎರಡೂ ಬದಿಗೆ ನಿಂತು ಆ ಸಾಯಂಕಾಲ ಬಹಳ ಹೊತ್ತು ಆ ಕಾಣದ ಕರುವಿನ ವಿಷಯ ಮಾತಾಡಿದರು. ಎರಡು ಮತಗಳ ಸಮನ್ವಯದ ಮೇಲೆ ನಾನು ಕೇಳಿರುವ ಎಷ್ಟೋ ಭಾಷಣಗಳಲ್ಲಿ ಅಷ್ಟು ಒಮ್ಮತ ಕಂಡಿಲ್ಲ.

ಅವರಿಬ್ಬರಿಗೂ ಸಮಾಧಾನ ತರುವಂಥ ಉಪಾಯವನ್ನು ಲೋಕ ಆ ವೇಳೆಗಾಗಲೇ ಕಂಡುಹಿಡಿದಿತ್ತು. ಒಂದು ಜಾತಿಯ ಬೂಷ್ಟಿನಿಂದ ತೆಗೆಯುವ ರಸ ಕರುವಿನ ರಸದ ಕೆಲಸವನ್ನೇ ಮಾಡುತ್ತದೆ. ನಮ್ಮ ದೇಶದ ಕಾರ್ಖಾನೆಗಳ ಚೀಸಿನ ಮೇಲೆ ಹಸಿರು ಚುಕ್ಕೆ ಇರುವುದು ಇದರಿಂದಾಗಿಯೇ. ಅಷ್ಟಕ್ಕೂ ನಿಲ್ಲದೆ, ಕರುವಿನ ಜೀನನ್ನೇ ಸೂಕ್ಷ್ಮಜೀವಿಗೆ ಕೂಡಿಸಿ, ಕರುವಿಲ್ಲದೆಯೇ ಕರುವಿನ ರಸ ತೆಗೆಯುವ ವಿದ್ಯೆಗೆ ಅಮೆರಿಕದಲ್ಲಿ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಇಂದು ಲೋಕದ ಚೀಸಿನಲ್ಲಿ ಬಹುಪಾಲು ಹೀಗೆ ಕರುವನ್ನು ಮುಟ್ಟದೆಯೇ ಆಗುತ್ತಿದೆ. ಆ ಜೀನಿಗೆ ಪ್ರಾಣದ ದೋಷ ತಗಲುವುದೇ ಎಂಬುದನ್ನು ಇಬ್ಬರು ಮುದುಕಿಯರ ಮುಂದೆ ಇಟ್ಟಿದ್ದರೆ ಏನು ತೀರ್ಪು ಬರುತ್ತಿತ್ತೋ! ಕೇಳುವ ಹೊತ್ತಿಗೆ ಅವರಿಬ್ಬರೂ ಇರಲಿಲ್ಲ.

ಚೀಸನ್ನು ಮೊದಲು ಮಾಡಿದವರು ಯಾರು? ಅರಬ್ ವ್ಯಾಪಾರಿಯೊಬ್ಬ ಕರುವಿನ ಹೊಟ್ಟೆಯ ಚೀಲದಲ್ಲಿ ಹಾಲು ತುಂಬಿಕೊಂಡು ಮರಳುಗಾಡು ದಾಟಿದ, ಸಂಜೆಗೆ ನೋಡಿದರೆ ಹಾಲು ಹೋಗಿ ಗಡ್ಡೆಯಾಗಿತ್ತು ಎಂಬ ಕಥೆಯುಂಟು. ಕಥೆ ಚೆನ್ನಾಗಿದೆ, ಕಥೆ ಅಷ್ಟೇ. ಗಟ್ಟಿಯಾದ ಸಾಕ್ಷ್ಯ ಸಿಕ್ಕಿರುವುದು ಪೋಲೆಂಡಿನಲ್ಲಿ. ಅಲ್ಲಿ ತೂತು ತೂತಾದ ಮಡಕೆಯ ಚೂರುಗಳು ಎಷ್ಟೋ ದೊರೆತಿದ್ದವು, ಏತಕ್ಕೆಂದು ತಿಳಿಯದೆ ಬಿದ್ದಿದ್ದವು. ಅವುಗಳಲ್ಲಿ ಹಾಲಿನ ಕೊಬ್ಬು ಹೀರಿಕೊಂಡಿದೆಯೆಂದು 2012ರಲ್ಲಿ ವಿಜ್ಞಾನಿಗಳು ತೋರಿಸಿದರು. ಏಳು ಸಾವಿರ ವರ್ಷಕ್ಕೂ ಹಿಂದಿನ ಜರಡಿಗಳವು. ಅಂದಿನ ದೊಡ್ಡವರಿಗೆ ಹಾಲು ಜೀರ್ಣವಾಗುತ್ತಿರಲಿಲ್ಲವಂತೆ. ಹಾಲಿನ ಸಕ್ಕರೆ ನೀರಿನೊಡನೆ ಬಸಿದುಹೋದ ಗಡ್ಡೆ ಮಾತ್ರ ಒಗ್ಗುತ್ತಿತ್ತು. ಹೊಟ್ಟೆಯ ನೋವಿನಿಂದ ಹುಟ್ಟಿದ ಪಾಕಶಾಸ್ತ್ರ ಎನ್ನಬೇಕು. ಚೀನಾದ ಷಿನ್‌ಜಿಯಾಂಗಿನ ಮರಳಿನಲ್ಲಿ ಮೂರು ಸಾವಿರದ ಮುನ್ನೂರು ವರ್ಷಕ್ಕೂ ಹಿಂದೆ ಹೂತ ಹೆಣಗಳ ಕೊರಳ ಬಳಿ ಚೀಸಿನ ತುಂಡುಗಳು ಸಿಕ್ಕಿವೆ, ಪರಲೋಕದ ಬುತ್ತಿ.

ನಮ್ಮ ದೇಶದಲ್ಲಿ ಹಾಲೊಡೆಯುವುದು ನಿಷಿದ್ಧವಾಗಿತ್ತು, ಬಂಗಾಳಕ್ಕೆ ಬಂದ ಪೋರ್ಚುಗೀಸರಿಂದ ಆ ಮೈಲಿಗೆ ಕಳೆದು ರಸಗುಲ್ಲಗಳು ಹುಟ್ಟಿದವು ಎಂದು ವಾದಿಸಿದವರು ಕೆ. ಟಿ. ಅಚಯ. ನಮ್ಮ ಕೊಳ್ಳೇಗಾಲದಲ್ಲಿ 1923ರಲ್ಲಿ ಹುಟ್ಟಿದವರು, ಮೈಸೂರಿನ ಆಹಾರ ಸಂಶೋಧನಾಲಯದಲ್ಲಿ ಕೆಲಕಾಲ ದುಡಿದವರು. 1994ರಲ್ಲಿ ಅವರು ಬರೆದ ಭಾರತೀಯ ಆಹಾರದ ಇತಿಹಾಸ ಇಂದಿಗೂ ದೊಡ್ಡ ಆಕರ. ದೊಡ್ಡವರ ಮಾತೇ ಆದರೂ ಕನ್ನಡನಾಡಿನ ಮಟ್ಟಿಗೆ ಆ ನಿಷೇಧ ಅಷ್ಟು ಬಿಗಿಯಾಗಿ ಇರಲಿಲ್ಲವೆಂದೇ ನನಗೆ ತೋರುತ್ತದೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಯಿಸಿದ ‘ಮಾನಸೋಲ್ಲಾಸ’ದಲ್ಲಿ, ಕಾದ ಹಾಲನ್ನು ಹುಳಿಯಿಂದ ಒಡೆದು, ಬಟ್ಟೆಯಲ್ಲಿ ಸೋಸಿ, ಅಕ್ಕಿಹಿಟ್ಟು ಕೂಡಿಸಿ ಕರಿದು, ಸಕ್ಕರೆಗೆ ಹಾಕುವ ಭಕ್ಷ್ಯದ ವಿಧಾನವಿದೆ. ಪೋರ್ಚುಗೀಸರು ಹಡಗೇರುವುದಕ್ಕೆ ಮುನ್ನೂರಕ್ಕೂ ಹೆಚ್ಚು ವರ್ಷ ಮೊದಲ ಮಾತಿದು. ಅದಕ್ಕೂ ನೂರು ವರ್ಷ ಹಿಂದೆ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯ (ಬೆಳ್ಗೊಳದ ಗೊಮ್ಮಟನನ್ನು ನಿಲ್ಲಿಸಿದವನಲ್ಲ, ಇವನು ಬೇರೆ) ಕನ್ನಡದಲ್ಲೇ ಬರೆದ ‘ಲೋಕೋಪಕಾರ’ದ ಅಡುಗೆಯ ಭಾಗದಲ್ಲಿ ಎಮ್ಮೆಯ ಹಾಲನ್ನು ಗಿಡಮೂಲಿಕೆಗಳಿಂದ ಗಟ್ಟಿ ಮಾಡುವ ಉಪಾಯಗಳಿವೆ. ಒಂದು ಕಡೆ ಕೀರೆಯ ಜಾತಿಯ ಗಿಡದ ಬೇರು. ಇನ್ನೊಂದು ಕಡೆ ನಮ್ಮ ಬೇಲಿಗಳಲ್ಲಿ ಬೆಳೆಯುವ ಮುದ್ರೆಗಿಡದ ಜಾತಿಯದು. ಕರುವಿಲ್ಲ, ಕತ್ತಿಯಿಲ್ಲ, ಹುಳಿಯೂ ಇಲ್ಲ. ಸಾವಿರ ವರ್ಷದ ಹಿಂದೆ ಕನ್ನಡಿಗನಿಗೆ ಸಸ್ಯದ ಹೆಪ್ಪು ತಿಳಿದಿತ್ತು! ಉದಯಗಿರಿಯ ಖಾಲಿ ನಿವೇಶನಗಳಲ್ಲಿ ಮುದ್ರೆಗಿಡಕ್ಕೆ ಬರಗಾಲವಿಲ್ಲವಾದ್ದರಿಂದ ನಾನೂ ಒಂದು ಪ್ರಯೋಗ ನಡೆಸಬೇಕೆಂದು ಸೊಪ್ಪು ಕಿತ್ತು ತಂದೆ. ಮನೆಯಾಕೆ ಹಾಲು ಕೊಡಲಿಲ್ಲ.

ಹಾಗಿದ್ದರೆ ಆ ವಿದ್ಯೆ ಬೆಳೆದು ನಮ್ಮಲ್ಲೇಕೆ ನೂರು ಬಗೆಯ ಚೀಸ್ ಆಗಲಿಲ್ಲ? ನನ್ನ ಊಹೆ ಇಷ್ಟು: ನಮಗೆ ಅದರ ಅಗತ್ಯ ಬೀಳಲಿಲ್ಲ. ಚೀಸ್ ಎಂಬುದು ಬೇಸಿಗೆಯ ಹಾಲನ್ನು ಚಳಿಗಾಲಕ್ಕೆ ಎತ್ತಿಡುವ ಉಪಾಯ. ಹತ್ತು ಲೀಟರ್ ಹಾಲನ್ನು ಒಂದು ಕಿಲೋ ಮಾಡಿ, ತಂಪಾದ ನೆಲಮಾಳಿಗೆಯಲ್ಲಿಟ್ಟು, ಹಿಮ ಸುರಿಯುವಾಗ ತಿನ್ನುವುದು. ನಮ್ಮಲ್ಲಿ ಆ ತಂಪಿಲ್ಲ, ಆ ಹಿಮವೂ ಇಲ್ಲ. ನಾವು ಹಾಲನ್ನು ಎತ್ತಿಟ್ಟದ್ದು ತುಪ್ಪವಾಗಿ. ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಎಂಬ ನಾಲ್ಕು ಮೆಟ್ಟಿಲಿನಲ್ಲಿ ಹಾಲಿನ ಕಣವೊಂದೂ ಪೋಲಾಗದೆ ಮನೆಯೊಳಗೇ ಸಂಸಾರ ಮುಗಿಯುತ್ತಿತ್ತು.

ಪಶ್ಚಿಮದವರು ಮಾತ್ರ ಆ ಗಡ್ಡೆಯನ್ನು ಹಿಡಿದುಕೊಂಡು ಮಾಡಿರುವ ಲೀಲೆ ಅಪಾರ. ಎಲ್ಲಕ್ಕೂ ಮೂಲ ಅದೇ ಹಾಲು, ಅದೇ ಉಪ್ಪು. ಬೇರೆಯಾಗುವುದು ಇಟ್ಟ ಜಾಗ, ಬಿಟ್ಟ ಕಾಲ, ಕೂತ ಬೂಷ್ಟು. ಫ್ರಾನ್ಸಿನ ರೋಕ್‌ಫೋರ್ ಊರಿನ ಗುಹೆಗಳಲ್ಲಿ ಕುರಿಯ ಹಾಲಿನ ಚೀಸ್ ನೀಲಿ ಬೂಷ್ಟು ಹಿಡಿಯುತ್ತದೆ. ಆ ಹೆಸರಿನ ಚೀಸನ್ನು ಆ ಊರಿನವರೇ ಹಣ್ಣುಮಾಡಬೇಕೆಂದು ಅಲ್ಲಿನ ದೊರೆ 1411ರಲ್ಲೇ ಸನ್ನದು ಕೊಟ್ಟಿದ್ದ. ನಮ್ಮ ಮನೆಯಾಕೆಯನ್ನು ಬಚ್ಚಲಿನ ಕಡೆಗೆ ಓಡಿಸಿದ ಜಾತಿ ಇದೇ. ಕಮಾಂಬೇರ್ ಎಂಬುದು ನಾರ್ಮಂಡಿಯದು. ಹೊರಗೆ ಬಿಳಿಯ ಬೂಷ್ಟಿನ ಮಕಮಲ್ಲು, ಒಳಗೆ ಹಣ್ಣಾದಂತೆಲ್ಲ ಮೆತ್ತಗೆ. ಇಂಗ್ಲೆಂಡಿನ ಚೆಡ್ಡರ್ ಎಂಬ ಹಳ್ಳಿಯ ಹೆಸರು ಲೋಕದ ಅಂಗಡಿಗಳಲ್ಲೆಲ್ಲ ಓಡಾಡುತ್ತಿದೆ. ಗಡ್ಡೆಯನ್ನು ಚಪ್ಪಡಿಗಳಾಗಿ ಕತ್ತರಿಸಿ ಒಂದರ ಮೇಲೊಂದು ಪೇರಿಸಿ, ಮಗುಚಿ ಮಗುಚಿ ನೀರು ಹಿಂಡುವುದು ಅದರ ಗುಟ್ಟು. ಸ್ವಿಟ್ಜರ್‌ಲೆಂಡಿನ ಎಮೆಂಟಾಲಿನಲ್ಲಿ ತೂತುಗಳಿರುವುದನ್ನು ಚಿತ್ರಗಳಲ್ಲಿ ಇಲಿಯ ಪಕ್ಕದಲ್ಲಿ ನೀವೂ ನೋಡಿದ್ದೀರಿ. ಒಳಗಿನ ಸೂಕ್ಷ್ಮಜೀವಿಗಳು ಬಿಡುವ ಗಾಳಿಯಿಂದ ಅವು ಆಗುತ್ತವೆ. ಇತ್ತೀಚೆಗೆ ತೂತುಗಳು ಕಡಮೆಯಾಗುತ್ತ ಬಂದವಂತೆ. ಏಕೆಂದು ಪರೀಕ್ಷಿಸಿದ ಸ್ವಿಸ್ ವಿಜ್ಞಾನಿಗಳು 2015ರಲ್ಲಿ ಹೇಳಿದ್ದು: ಹಿಂದೆ ಹಾಲಿನ ಬಕೆಟ್ಟಿಗೆ ಬೀಳುತ್ತಿದ್ದ ಹುಲ್ಲಿನ ಧೂಳು ಈಗ ಬೀಳುತ್ತಿಲ್ಲ; ಆ ಧೂಳಿನ ಕಣದ ಸುತ್ತಲೇ ತೂತು ಹುಟ್ಟುತ್ತಿತ್ತು! ಶುಚಿತ್ವವೂ ಅತಿಯಾದರೆ ಹೀಗಾಗುತ್ತದೆಂದು ಮನೆಯಲ್ಲಿ ಓದಿ ಹೇಳಿದೆ; ಯಾರೂ ಮೆಚ್ಚಲಿಲ್ಲ. ಇಟಲಿಯ ಪಾರ್ಮದ ಚೀಸ್ ಕಡಮೆಯೆಂದರೂ ಹನ್ನೆರಡು ತಿಂಗಳು ಮಾಗಬೇಕು. ಅಲ್ಲಿನ ಬ್ಯಾಂಕೊಂದು ಆ ಬಂಡಿಗಾಲಿಯಂಥ ಚೀಸುಗಳನ್ನು ಅಡವಿಟ್ಟುಕೊಂಡು ಸಾಲ ಕೊಡುತ್ತದೆ. ನಮ್ಮಲ್ಲಿ ಒಡವೆ, ಅಲ್ಲಿ ಹಾಲು.

ದೂರ ಹೋಗುವುದೇಕೆ? ನಮ್ಮ ಮೈಸೂರು ಜಿಲ್ಲೆಯೊಳಗೇ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ, ಚೀಸ್ ಗೊತ್ತಿರುವ ಜನ 1960ರಿಂದ ಈಚೆಗೆ ಬಂದು ನೆಲೆಸಿದ್ದಾರೆ. ಟಿಬೆಟ್ಟಿನವರ ಛುರ್ಪಿ ಬೆಣ್ಣೆ ತೆಗೆದ ಮಜ್ಜಿಗೆಯನ್ನು ಕುದಿಸಿ, ಸೋಸಿ, ಹಿಂಡಿ, ಒಣಗಿಸಿ ಮಾಡುವಂಥದು. ದಾರಕ್ಕೆ ಪೋಣಿಸಿದ ಸಣ್ಣ ಸಣ್ಣ ಗಟ್ಟಿಗಳು. ನೋಡಿದರೆ ಹಳೆಯ ಹಲ್ಲುಗಳ ಹಾರದಂತಿರುತ್ತದೆ. ಒಮ್ಮೆ ಅಲ್ಲಿಗೆ ಹೋಗಿದ್ದಾಗ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಬಸ್ಸು ಹುಣಸೂರು ದಾಟುವವರೆಗೂ ಅದು ಹಾಗೆಯೇ ಇತ್ತು. ಇಲವಾಲದ ಹತ್ತಿರ ಸ್ವಲ್ಪ ಮೆತ್ತಗಾಯಿತು. ಅಷ್ಟು ಹೊತ್ತಿಗೆ ಅದರ ಹೊಗೆಹೊಗೆಯಾದ ರುಚಿ ನನಗೆ ಹಿಡಿಸತೊಡಗಿತ್ತು. ಪರ್ವತಗಳಲ್ಲಿ ನಡೆಯುವವನಿಗೆ ಮಾಡಿದ ತಿಂಡಿ ಅದು.

ಈಗ ಉದಯಗಿರಿಯ ಬೀದಿಬದಿಯ ದೋಸೆಯ ಮೇಲೂ ಚೀಸ್ ತುರಿಯುತ್ತಾರೆ. ಅದು ಬಹುಮಟ್ಟಿಗೆ ಮಾಗಿದ ಚೀಸನ್ನು ಕರಗಿಸಿ, ಲವಣ ಬೆರೆಸಿ, ಮತ್ತೆ ಅಚ್ಚು ಹೊಯ್ದ ಸರಕು. 1911ರಲ್ಲಿ ಸ್ವಿಸ್ಸರು ಕಂಡುಹಿಡಿದದ್ದು, ಮೊದಲನೆಯ ಮಹಾಯುದ್ಧದಲ್ಲಿ ಡಬ್ಬಿಯೇರಿ ಸಿಪಾಯಿಗಳ ಜೊತೆ ಊರೂರು ಸುತ್ತಿದ್ದು. ಕೆಡುವುದಿಲ್ಲ ಎಂಬುದು ಅದರ ಗುಣ. ಹಣ್ಣಾಗುವುದೂ ಇಲ್ಲ ಎಂಬುದು ನನ್ನ ದೂರು. ಬೆಂಗಳೂರಿನಲ್ಲಿ ಬೆನೆಡಿಕ್ಟಿನ್ ಪಂಥದ ಸನ್ಯಾಸಿಗಳು ಇಟಲಿಯ ವಿದ್ಯೆಯಿಂದ ತಾಜಾ ಚೀಸ್ ಮಾಡುತ್ತಾರೆ. ಅದರ ರುಚಿ ಕಂಡಿದ್ದೇನೆ, ಬೆಲೆಯನ್ನೂ ಕಂಡಿದ್ದೇನೆ.

ಚೀಸಿನ ವಿಷಯದಲ್ಲಿ ಕರುವನ್ನು ನೆನೆದವರು ಗಿಣ್ಣಿನ ವಿಷಯದಲ್ಲಿ ನೆನೆಯಬೇಡವೇ ಎಂದು ನನ್ನ ಮಗಳು ಒಮ್ಮೆ ಕೇಳಿದ್ದುಂಟು. ಪ್ರಶ್ನೆ ಸರಿಯಾಗಿತ್ತು. ಮನುಷ್ಯನ ಕೂಸಿಗೆ ತಾಯಿಯ ಹೊಟ್ಟೆಯಲ್ಲೇ ರೋಗ ತಡೆಯುವ ಶಕ್ತಿ ಒಂದಿಷ್ಟು ಬಂದಿರುತ್ತದೆ, ಕರುವಿಗೆ ಹಾಗಲ್ಲ. ಅದು ಏನೂ ಇಲ್ಲದೆ ಹುಟ್ಟುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಕುಡಿದ ಗಿಣ್ಣುಹಾಲೇ ಅದರ ಕವಚ. ಒಂದು ದಿನ ಕಳೆದರೆ ಅದರ ಕರುಳು ಆ ಕವಚವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ; ಬಾಗಿಲು ಮುಚ್ಚಿತು. ಗಾಂಧೀಜಿ ಹಸು ಎಮ್ಮೆಗಳನ್ನು ಹಿಂಸಿಸಿ ಹಾಲು ಕರೆಯುವುದನ್ನು ತಿಳಿದು 1912ರಲ್ಲಿ ಹಾಲನ್ನೇ ಬಿಟ್ಟರು. ಮುಂದೆ ಕಾಯಿಲೆ ಬಿದ್ದಾಗ ಆಡಿನ ಹಾಲಿಗೆ ಒಪ್ಪಿ, ಅದೂ ವ್ರತಭಂಗವೇ ಎಂದು ಕೊನೆಯವರೆಗೂ ಕೊರಗಿದರು. ಅಷ್ಟು ಎತ್ತರ ನಮ್ಮಂಥವರಿಗೆ ಎಟುಕುವುದಿಲ್ಲ. ಈಗ ಬೀದಿಯ ಗಾಡಿಗಳಲ್ಲಿ ವರ್ಷದ ಮುನ್ನೂರರವತ್ತೈದು ದಿನವೂ ಗಿಣ್ಣು ಸಿಗುತ್ತದೆ. ಅಷ್ಟು ಎಮ್ಮೆ ದಿನವೂ ಎಲ್ಲಿ ಈಯುತ್ತವೆ ಎಂದು ಲೆಕ್ಕ ಹಾಕಿದರೆ, ಅದು ಚೈನಾಗ್ರಾಸಿನ ಕೈವಾಡವಾಗಿರಲಿ ಎಂದೇ ನಾನು ಹಾರೈಸುತ್ತೇನೆ.

ಸಾಹೇಬರಿಗೆ ಯಾವ ಪುಸ್ತಕವೂ ಇದನ್ನು ಹೇಳಿರಲಿಲ್ಲ. “ಮೊದಲನೇ ದಿನದ್ದು ಅದರದ್ದು ಮೇಷ್ಟ್ರೇ. ಅದು ಕುಡಿದು ಮಿಕ್ಕರೆ ನಮ್ಮದು” ಎನ್ನುತ್ತಿದ್ದರು. ನಮ್ಮ ತಂಬಿಗೆ ಎರಡನೆಯ ದಿನಕ್ಕಿಂತ ಮೊದಲು ಎಂದೂ ಬಂದದ್ದಿಲ್ಲ. ಗಂಡು ಕರುವಾದರೂ ಅವರ ನಿಯಮ ಅದೇ. ಎಮ್ಮೆಯ ಕೊಟ್ಟಿಗೆಯಲ್ಲಿ ಗಂಡು ಹುಟ್ಟಿದರೆ ಮನೆಯಲ್ಲಿ ಯಾರೂ ನಗುವುದಿಲ್ಲ. ಮನುಷ್ಯರ ಲೆಕ್ಕಕ್ಕೆ ಇದು ತಿರುವುಮುರುವು. ಹಾಲು ಕೊಡುವುದಿಲ್ಲ, ಉಳುವುದಕ್ಕೆ ಈಗ ಟ್ರ್ಯಾಕ್ಟರ್ ಇದೆ. ಆ ಕರುಗಳು ಮುಂದೆ ಎಲ್ಲಿಗೆ ಹೋಗುತ್ತವೆಂದು ನನಗೂ ಗೊತ್ತು, ಹಾಲು ಕುಡಿಯುವ ಎಲ್ಲರಿಗೂ ಗೊತ್ತು. ಅವರು ಅದನ್ನು ಮುಚ್ಚಿಡುತ್ತಿರಲಿಲ್ಲ. “ಹೋಗೋವರೆಗೂ ಹಸಿದುಕೊಂಡು ಇರಬಾರದು” ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಅವರ ಮನೆಯ ಜಾಗ ಅಣ್ಣತಮ್ಮಂದಿರಲ್ಲಿ ಭಾಗವಾಯಿತು. ಕೊಟ್ಟಿಗೆಯಿದ್ದ ಕಡೆ ಮೂರು ಅಂತಸ್ತು ಎದ್ದಿತು. ಎಮ್ಮೆಗಳು ಬನ್ನೂರಿನ ಕಡೆಯ ಅವರ ಬೀಗರ ಹಳ್ಳಿಗೆ ಹೋದವು. ಗೋಡೆಯ ಮೇಲಿನ ಇದ್ದಿಲಿನ ಲೆಕ್ಕದ ಮೇಲೆ ಸಿಮೆಂಟು ಕೂತಿತು. ತಂಬಿಗೆ ಆಗ ನಮ್ಮ ಮನೆಯಲ್ಲಿತ್ತು. ಅದರ ಕಂಠದ ಮೇಲೆ ಅವರ ತಾಯಿಯ ಹೆಸರನ್ನು ಉರ್ದು ಅಕ್ಷರದಲ್ಲಿ ಕೊರೆಸಿದ್ದರು. ಅಚ್ಚುಬೆಲ್ಲ ತುಂಬಿ ಕಳಿಸಿಕೊಟ್ಟೆವು.

ಹೋದ ತಿಂಗಳು ಸಾಹೇಬರು ಆ ತಂಬಿಗೆಯನ್ನು ಹಿಡಿದು ಮೆಟ್ಟಿಲೇರಿ ಬಂದರು. ಹಳ್ಳಿಯಲ್ಲಿ ಎಮ್ಮೆ ಈದಿದೆ. ಬಸ್ಸಿನಲ್ಲಿ ಹಾಲು ತರಿಸಿದ್ದಾರೆ. “ಗಂಡು ಕರು. ಎರಡು ದಿನ ಪೂರ್ತಿ ಬಿಟ್ಟಿದ್ದಾರೆ. ಇದು ಮೂರನೇ ದಿನದ್ದು, ಗಟ್ಟಿಯಾಗುತ್ತೋ ಇಲ್ಲವೋ, ಅಮ್ಮನಿಗೆ ಹೇಳಿ” ಎಂದರು. ಮನೆಯಾಕೆ ಬೇರೆ ಹಾಲು ಬೆರೆಸದೆ, ಬೆಲ್ಲ ಕಡಮೆ ಹಾಕಿ, ಹಬೆಯಲ್ಲಿ ಬಹಳ ಹೊತ್ತು ಇಟ್ಟಳು. ಚಾಕುವಿಗೆ ಸಿಗುವಷ್ಟು ಗಟ್ಟಿಯಾಗಲಿಲ್ಲ. ಬಟ್ಟಲಿಗೆ ಹಾಕಿಕೊಂಡು ಚಮಚದಲ್ಲಿ ತಿಂದೆವು, ಸಾಹೇಬರೂ ಕೂತು ತಿಂದರು.